ಬಾಕಿ ಉಳಿದ ಸೇಲ್ಸ್ ಕಮಿಷನ್: ಯುಎಇ ಕಾನೂನಿನಲ್ಲಿರುವ ದಾರಿಗಳು



ಸಿಮೆಂಟು, ಕಬ್ಬಿಣ, ಟೈಲ್ಸ್ ಮಾರುವ ಕಂಪನಿಗಳಲ್ಲೂ ಫ್ಲ್ಯಾಟು ಮಾರುವ ಬಿಲ್ಡರ್‌ಗಳ ಬಳಿಯೂ ದುಡಿಯುವ ಅನೇಕರಿಗೆ ಮೂಲ ಸಂಬಳ ಕಡಿಮೆ, ಕಮಿಷನ್ನೇ ಆಧಾರ. ಅದು ನಿಂತರೆ ಊರಿನ ಸಾಲದ ಕಂತಿಗೂ ಮಕ್ಕಳ ಫೀಸಿಗೂ ತೊಂದರೆ. ಹಾಗಾಗಿ ಸದಸ್ಯರ ಅನುಕೂಲಕ್ಕೆ ಈ ಮಾಹಿತಿ ನೀಡುತ್ತಿದ್ದೇವೆ.

ಕಮಿಷನ್ ಸಂಬಳವೇ?
2022ರ ಫೆಬ್ರುವರಿ 2ರಂದು ಜಾರಿಗೆ ಬಂದ ಕಾರ್ಮಿಕ ಕಾನೂನಿನ ಪ್ರಕಾರ, ಮಾರಾಟದ ಮೇಲಿನ ಶೇಕಡಾವಾರು ಹಣವೂ ವೇತನದಲ್ಲಿ ಸೇರಬಹುದು. ಆದರೆ ಅದಕ್ಕೆ ಆಧಾರ ಬೇಕು. ಬಾಯಿಮಾತಿನ ಭರವಸೆ ಸಾಲದು. ಕರಾರು, ಆಫರ್ ಲೆಟರ್ ಅಥವಾ ಇ-ಮೇಲ್‌ನಲ್ಲಿ ದರ ನಮೂದಾಗಿರಲಿ. ಕಮಿಷನ್ ಸಿಗುವುದು ಆರ್ಡರ್ ಬಂದಾಗಲೋ, ಗಿರಾಕಿ ಹಣ ಕೊಟ್ಟಾಗಲೋ ಎಂಬುದೂ ಸ್ಪಷ್ಟವಿರಲಿ. ಕಾಂಟ್ರಾಕ್ಟರುಗಳು ತಡವಾಗಿ ಹಣ ಕೊಡುವ ಈ ವ್ಯವಹಾರದಲ್ಲಿ ಜಗಳ ಹುಟ್ಟುವುದೇ ಇಲ್ಲಿ.

ದೂರು ಎಲ್ಲಿ?
ಮೊದಲು ಕಂಪನಿಗೆ ಲೆಕ್ಕ ಸಮೇತ ಲಿಖಿತವಾಗಿ ಕೇಳಿ. ಫಲ ಸಿಗದಿದ್ದರೆ ಮಾನವ ಸಂಪನ್ಮೂಲ ಮತ್ತು ಎಮಿರೈಟೀಕರಣ ಸಚಿವಾಲಯಕ್ಕೆ ದೂರು ಕೊಡಿ. 50,000 ದಿರ್ಹಮ್ ವರೆಗಿನ ವಿವಾದವನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸುತ್ತದೆ. ಅದು ಒಪ್ಪಿಗೆಯಾಗದಿದ್ದರೆ 15 ಕೆಲಸದ ದಿನಗಳೊಳಗೆ ನ್ಯಾಯಾಲಯಕ್ಕೆ ಹೋಗಬಹುದು. ಹೆಚ್ಚಿನ ಮೊತ್ತದ ದೂರು ರಾಜಿಯಾಗದಿದ್ದರೆ ನ್ಯಾಯಾಲಯಕ್ಕೆ ಹೋಗುತ್ತದೆ. 1,00,000 ದಿರ್ಹಮ್ ಮೀರದ ಕಾರ್ಮಿಕರ ದಾವೆಗೆ ಕೋರ್ಟ್ ಶುಲ್ಕವಿಲ್ಲ.

ದುಬೈನ ಡಿಐಎಫ್‌ಸಿ, ಅಬುಧಾಬಿಯ ಎಡಿಜಿಎಂ ವಲಯಗಳಿಗೆ ತಮ್ಮದೇ ಉದ್ಯೋಗ ಕಾನೂನು ಮತ್ತು ನ್ಯಾಯಾಲಯಗಳಿವೆ. ನೌಕರಿಯ ಕರಾರಿಲ್ಲದೆ ಸ್ವತಂತ್ರ ದಲ್ಲಾಳಿಯಾಗಿ ದುಡಿದವರಿಗೆ ಕಾರ್ಮಿಕರ ದೂರಿನ ದಾರಿಯಿಲ್ಲ. ಅವರು ವಕೀಲರ ಸಲಹೆ ಪಡೆದು ಸಿವಿಲ್ ದಾವೆ ಹೂಡಬೇಕು.

ಗಡುವು ಮರೆಯದಿರಿ
ಹಿಂದೆ ಹಣ ಬರಬೇಕಾದ ದಿನದಿಂದ ಒಂದು ವರ್ಷವಷ್ಟೇ ಅವಕಾಶವಿತ್ತು. 2024ರ ಆಗಸ್ಟ್ 31ರಿಂದ ಜಾರಿಯಾದ ತಿದ್ದುಪಡಿಯಂತೆ ಕೆಲಸ ಮುಗಿದ ದಿನದಿಂದ ಎರಡು ವರ್ಷಗಳಿವೆ. ಕೆಲಸ ಬಿಟ್ಟ 14 ದಿನಗಳೊಳಗೆ ಕಂಪನಿ ಎಲ್ಲ ಬಾಕಿಯನ್ನೂ ತೀರಿಸಬೇಕು.

ಸಹಿಗೆ ಮುನ್ನ
ವೀಸಾ ರದ್ದಾಗುವ ವೇಳೆ "ನನಗೆ ಬರಬೇಕಾದದ್ದೆಲ್ಲ ಬಂದಿದೆ" ಎಂಬ ಕಾಗದಕ್ಕೆ ಊರಿಗೆ ಹೊರಡುವ ಆತುರದಲ್ಲಿ ಸಹಿ ಹಾಕಬೇಡಿ. ಆ ಒಂದು ಸಹಿಯಿಂದ ಇಡೀ ದಾವೆ ದುರ್ಬಲವಾಗಬಹುದು. ಆಫೀಸಿನ ಇ-ಮೇಲ್ ಬಂದ್ ಆಗುವ ಮೊದಲೇ ನಿಮ್ಮ ಕರಾರು, ಕಮಿಷನ್ ಪಟ್ಟಿ, ಒಪ್ಪಿಗೆಯ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳ ಪ್ರತಿ ತೆಗೆದಿಟ್ಟುಕೊಳ್ಳಿ. ಆದರೆ ಕಂಪನಿಯ ಗೋಪ್ಯ ದಾಖಲೆಗಳನ್ನು ಮುಟ್ಟಬೇಡಿ.

ಇದು ಸಾಮಾನ್ಯ ಮಾಹಿತಿ ಮಾತ್ರ. ನಿಮ್ಮ ಪ್ರಕರಣಕ್ಕೆ ವಕೀಲರನ್ನು ಕೇಳಿ. ದುಡಿದ ಹಣ ಕೇಳಲು ಸಂಕೋಚ ಬೇಡ. ಈ ವಿಷಯವನ್ನು ನಿಮ್ಮ ಬಂಧು-ಮಿತ್ರರಿಗೂ ತಿಳಿಸಿ ಎಂದು ವಿನಂತಿಸುತ್ತೇವೆ.