ವೃತ್ತಿ ಬಳಲಿಕೆ ಮತ್ತು ಪದವಿ ಕಾಲೇಜು ಅಧ್ಯಾಪಕರು: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಿನ್ನೆಲೆಯಲ್ಲಿ

ದೀರ್ಘಕಾಲದ ಕೆಲಸದ ಒತ್ತಡವನ್ನು ತಾಳಿಕೊಳ್ಳಲಾಗದೆ ಮೈಮನಸ್ಸುಗಳು ಸೋಲುವ ಸ್ಥಿತಿಯನ್ನು ‘ವೃತ್ತಿ ಬಳಲಿಕೆ’ ಎನ್ನಲಾಗುತ್ತದೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಚರ್ಚೆಗೆ ತಂದ ಈ ಪರಿಕಲ್ಪನೆಗೆ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಅಳತೆಗೋಲೊಂದನ್ನು ರೂಪಿಸಿ, ಭಾವನಾತ್ಮಕ ನಿತ್ರಾಣ, ಎದುರಿನವರ ಬಗ್ಗೆ ನಿರಾಸಕ್ತಿ, ತನ್ನ ಸಾಮರ್ಥ್ಯದಲ್ಲೇ ಅಪನಂಬಿಕೆ ಎಂಬ ಮೂರು ಲಕ್ಷಣಗಳನ್ನು ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಕಾಯಿಲೆಯೆಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ನಮೂದಿಸಿರುವುದರಿಂದ, ಕಾರಣವನ್ನು ಅಧ್ಯಾಪಕರ ಮನೋಬಲದಲ್ಲಿ ಹುಡುಕುವ ಮೊದಲು ಕೆಲಸದ ಏರ್ಪಾಟಿನಲ್ಲಿ ಹುಡುಕುವುದೇ ಯುಕ್ತ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದು, ಪಠ್ಯವೂ ಪರೀಕ್ಷೆಯೂ ಅಲ್ಲಿಂದಲೇ ನಿಗದಿಯಾಗುತ್ತವೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಬದಲಾದ ಪದವಿ ವ್ಯಾಸಂಗಕ್ರಮವನ್ನು ರಾಜ್ಯ ಸರ್ಕಾರ 2024-25ರಲ್ಲಿ ಮತ್ತೆ ಬದಲಿಸಿದಾಗ, ಹಿರಿಯ ತರಗತಿಗಳಿಗೆ ಒಂದು ಪಠ್ಯ, ಹೊಸಬರಿಗೆ ಇನ್ನೊಂದು ಪಠ್ಯವನ್ನು ಏಕಕಾಲಕ್ಕೆ ಸಿದ್ಧಪಡಿಸುವ ಹೊರೆ ಅಧ್ಯಾಪಕರ ಮೇಲೆ ಬಿತ್ತು.

ಈ ಹೊರೆಯನ್ನು ಯಾವ ಭದ್ರತೆಯೂ ಇಲ್ಲದೆ ಹೊರುವವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ಖಾಯಂ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆಯನ್ನು ಗೊತ್ತುಪಡಿಸಿದ್ದರೆ, 2022ರ ಜನವರಿಯ ತೀರ್ಮಾನದಂತೆ ಅತಿಥಿ ಉಪನ್ಯಾಸಕರ ಪಾಲಿಗೆ ಬಂದದ್ದು 15 ಗಂಟೆ, ಅದಕ್ಕೆ ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ ತಿಂಗಳಿಗೆ 26,000ದಿಂದ 32,000 ರೂಪಾಯಿ ಗೌರವಧನ. ಹಿಂದಿನ 11,000–13,000 ರೂಪಾಯಿಗೆ ಹೋಲಿಸಿದರೆ ಇದು ಸಣ್ಣ ಸುಧಾರಣೆಯಲ್ಲ. 2024ರ ಆರಂಭದಲ್ಲಿ ಸರ್ಕಾರ ಅದನ್ನು ಇನ್ನಷ್ಟು ಏರಿಸಿತು. ಆದರೆ 2022ರ ತೀರ್ಮಾನದಿಂದ ತಲಾ ಬೋಧನಾವಧಿ ಹೆಚ್ಚಿದಂತೆ ಬೇಕಾದವರ ಸಂಖ್ಯೆ ತಗ್ಗಿ ಹಲವರು ಕೆಲಸ ಕಳೆದುಕೊಂಡರು, ಉಳಿದವರಿಗೆ ಮುಂದಿನ ವರ್ಷ ತರಗತಿ ಸಿಕ್ಕೀತೇ ಎಂಬ ಆತಂಕ ಉಳಿಯಿತು.

ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಒತ್ತಡ ನಿಭಾಯಿಸುವ ಬಗೆಗಳನ್ನು ಎರಡಾಗಿ ವಿಂಗಡಿಸಿದರು: ಸಮಸ್ಯೆಯ ಮೂಲಕ್ಕೇ ಕೈಹಾಕುವುದು ಒಂದು, ಅದರಿಂದ ಹುಟ್ಟಿದ ಭಾವನೆಯನ್ನು ಶಮನಗೊಳಿಸಿಕೊಳ್ಳುವುದು ಇನ್ನೊಂದು. ಶಿರಸಿ ತಾಲ್ಲೂಕಿನ ಹುಲೇಕಲ್ ಸುತ್ತಿನ ಅಡಿಕೆ ಬೆಳೆಗಾರ ಕುಟುಂಬಗಳಿಂದ ಬಂದ ಉಪನ್ಯಾಸಕರಿಗೆ ತೋಟದ ಆಸರೆಯಿದೆ ಎನ್ನುವುದುಂಟು; ಆದರೆ ಕೊನೆಕೊಯ್ಲಿನ ಕಾಲದಲ್ಲಿ ಹಗಲೆಲ್ಲ ಪಾಠ ಮಾಡಿ ಬಂದವರು ರಾತ್ರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂತರೆ, ಅದು ವಿಶ್ರಾಂತಿಯಲ್ಲ, ಎರಡನೆಯ ದುಡಿಮೆ. ಯೋಗ, ಧ್ಯಾನದ ಶಿಬಿರಗಳು ಕ್ಷಣಿಕ ನೆಮ್ಮದಿ ಕೊಡಬಲ್ಲವಾದರೂ, ಅವು ಎರಡನೆಯ ಬಗೆಗೆ ಸೇರಿದವು. ಸಮಸ್ಯೆಯ ಮೂಲಕ್ಕೇ ಕೈಹಾಕಬೇಕಾದರೆ ಸೇವಾಭದ್ರತೆ ಮತ್ತು ಖಾಲಿ ಹುದ್ದೆಗಳ ಭರ್ತಿಯ ಹೊಣೆಯನ್ನು ಸರ್ಕಾರವೇ ಹೊರಬೇಕು.