ಹಳೆಯ ತಟ್ಟೆ, ಹೊಸ ಯಂತ್ರ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಹಳೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಅಟ್ಟ ಹತ್ತಿ ನೋಡುವ ಅವಕಾಶ ದೊರೆತವರಿಗೆ ಒಂದು ದೃಶ್ಯ ಪರಿಚಿತವಾಗಿರುತ್ತದೆ. ತಾಮ್ರದ ಹಂಡೆ, ಮುರಿದ ತೊಟ್ಟಿಲು, ಹಳೆಯ ಪಂಚಾಂಗಗಳ ಕಟ್ಟು ಇವುಗಳ ನಡುವೆ ಒಂದು ಮರದ ಪೆಟ್ಟಿಗೆ. ಅದರೊಳಗೆ ಕಾಗದದ ಚೀಲಗಳಲ್ಲಿ ಕಪ್ಪು ತಟ್ಟೆಗಳು. ನಮ್ಮ ಕಡೆ ಇವನ್ನು ‘ಪ್ಲೇಟು’ ಎಂದೇ ಕರೆಯುವುದು ರೂಢಿ. ಈಚಿನ ವರ್ಷಗಳಲ್ಲಿ ಈ ಪೆಟ್ಟಿಗೆಗಳು ಅಟ್ಟದಿಂದ ಕೆಳಗಿಳಿಯತೊಡಗಿವೆ. ಮೊಮ್ಮಕ್ಕಳು ಪಟ್ಟಣದಿಂದ ಅಗ್ಗದ ರೆಕಾರ್ಡ್ ಪ್ಲೇಯರ್ ಒಂದನ್ನು ತರುತ್ತಾರೆ. ತಟ್ಟೆ ತಿರುಗುತ್ತದೆ. ಮಂಕಾದ ಒಂದು ಧ್ವನಿ, ಅದರ ಮೇಲೆ ಕರಕರ ಸದ್ದು, ಇಷ್ಟೇ ಕೇಳಿಸುತ್ತದೆ. ‘ಪ್ಲೇಟು ಹಾಳಾಗಿದೆ’ ಎಂಬ ತೀರ್ಪು ಹೊರಬೀಳುತ್ತದೆ. ಮುಂದಿನ ದಾರಿ ಗುಜರಿ ಅಂಗಡಿಯದು. ಈ ತೀರ್ಪು ಬಹಳ ಸಲ ತಪ್ಪು. ಅದು ಏಕೆ ತಪ್ಪು ಎಂಬುದನ್ನು ತಿಳಿಯಬೇಕಾದರೆ ತಟ್ಟೆಯ ಇತಿಹಾಸವನ್ನು ಸ್ವಲ್ಪ ತಿಳಿಯಬೇಕು. ಇಂದು ನಾನು ಹೇಳಹೊರಟಿರುವುದು ಅದನ್ನೇ.

ಧ್ವನಿಯನ್ನು ಹಿಡಿದಿಟ್ಟು ಮರಳಿ ನುಡಿಸುವ ಯಂತ್ರವನ್ನು ಎಡಿಸನ್ ಮಾಡಿ ತೋರಿಸಿದ್ದು 1877ರಲ್ಲಿ. ಅವನದು ಉರುಳೆ. ಚಪ್ಪಟೆ ತಟ್ಟೆಯ ಗ್ರಾಮಾಫೋನು ಬಂದದ್ದು ಅದಾದ ಹತ್ತು ವರ್ಷಕ್ಕೆ, ಎಮಿಲಿ ಬರ್ಲಿನರನಿಂದ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡ. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರುತ್ತಿದ್ದ ಆ ಕಲಾವಿದೆ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಗಾಯಕಿಯಾಗಿ 1928ರಲ್ಲಿ ಬಂದ ಅವರು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಭಾರತದ ಗ್ರಾಮಾಫೋನಿನ ಮೊದಲ ದೊಡ್ಡ ಹೆಸರು ಕನ್ನಡದ ಮಣ್ಣಿನಲ್ಲಿ ಮಲಗಿದೆ ಎಂಬುದನ್ನು ನಾವು ನೆನೆಯುವುದು ಕಡಮೆ.

ಆ ಕಾಲದ ತಟ್ಟೆಯ ಮುಖ್ಯ ದ್ರವ್ಯ ಅರಗು. ಮರದ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸುರಿಸುವ ಅಂಟನ್ನು ಶುದ್ಧಮಾಡಿ, ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ, ಬಿಸಿಯಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದುದು ಭಾರತದ ಕಾಡುಗಳಿಂದಲೇ. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ರಾಗ ಬೆಳೆಸುವ ವಿದ್ವಾಂಸರೂ, ಒಂದೊಂದು ಹಾಡಿಗೆ ‘ಒನ್ಸ್‌ಮೋರ್’ ಪಡೆಯುವ ನಾಟಕ ಕಂಪೆನಿಯ ನಟರೂ ಈ ಮೂರು ನಿಮಿಷಗಳಲ್ಲಿ ತಮ್ಮ ಸತ್ವವನ್ನು ಅಡಕಮಾಡಬೇಕಾಯಿತು. ಕನ್ನಡದ ರಂಗಗೀತೆಗಳು, ಆಮೇಲೆ ಚಲನಚಿತ್ರದ ಹಾಡುಗಳು, ಪಿ. ಕಾಳಿಂಗರಾಯರ ಭಾವಗೀತೆಗಳು ನಾಡಿನ ಮನೆಗಳನ್ನು ಮುಟ್ಟಿದ್ದು ಈ ಮಾರ್ಗದಿಂದ.

ಮಲೆನಾಡಿಗೆ ಈ ಯಂತ್ರ ಒಗ್ಗಿದ್ದಕ್ಕೆ ಒಂದು ಸರಳ ಕಾರಣವಿತ್ತು: ಅದಕ್ಕೆ ವಿದ್ಯುತ್ತು ಬೇಡವಾಗಿತ್ತು. ಕೀಲಿ ಕೊಟ್ಟರೆ ಉಕ್ಕಿನ ಸುರುಳಿ ತಟ್ಟೆಯನ್ನು ತಿರುಗಿಸುತ್ತಿತ್ತು. ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1948ರಲ್ಲಿ. ಆದರೆ ಜೋಗದ ಸುತ್ತಣ ಎಷ್ಟೋ ಹಳ್ಳಿಗಳು ಆಮೇಲೂ ಬಹುಕಾಲ ಸೀಮೆಎಣ್ಣೆಯ ದೀಪದಲ್ಲಿಯೇ ಇದ್ದವು. ಲಾಟೀನಿನ ಬೆಳಕಿನಲ್ಲಿ ಜಗಲಿಯ ಮೇಲೆ ಕೂತು ಮೈಸೂರಿನ ನಾಟಕದ ಹಾಡನ್ನು ಕೇಳುವುದು ಸಾಧ್ಯವಾದದ್ದು ಆ ಉಕ್ಕಿನ ಸುರುಳಿಯ ದಯೆಯಿಂದ.

ಇನ್ನು ತಟ್ಟೆಯ ಗೆರೆಯೊಳಗೆ ಇಣುಕೋಣ. 1925ರವರೆಗೆ ಗಾಯಕರು ದೊಡ್ಡ ತುತ್ತೂರಿಯೊಂದರ ಬಾಯಿಗೆ ಹಾಡುತ್ತಿದ್ದರು. ಆ ಉಸಿರಿನ ಬಲವೇ ಮುಳ್ಳನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. 1925ರಲ್ಲಿ ಮೈಕ್ರೋಫೋನು ಬಂದಿತು. ಆಗ ಮಂದ್ರದ ಸ್ವರಗಳೂ ಮುದ್ರಣಕ್ಕೆ ಸಿಕ್ಕವು. ಜೊತೆಗೆ ಒಂದು ತೊಡಕೂ ಹುಟ್ಟಿತು. ಮುಳ್ಳು ಅಲುಗುವ ವೇಗ ಒಂದೇ ಆಗಿದ್ದರೆ, ತಗ್ಗಿನ ಸ್ವರಕ್ಕೆ ಅದು ಅಕ್ಕಪಕ್ಕಕ್ಕೆ ಹೆಚ್ಚು ದೂರ ತೂಗಬೇಕು. ಹಾಗೆಯೇ ಬಿಟ್ಟರೆ ಒಂದು ಗೆರೆ ಪಕ್ಕದ ಗೆರೆಯೊಳಗೆ ನುಗ್ಗುತ್ತದೆ. ಅದಕ್ಕಾಗಿ ಮುದ್ರಿಸುವಾಗಲೇ ಮಂದ್ರವನ್ನು ಕುಗ್ಗಿಸಿ, ನುಡಿಸುವಾಗ ಅಷ್ಟನ್ನು ಹಿಗ್ಗಿಸುವ ಉಪಾಯ ಹೂಡಿದರು. ಎಲ್ಲಿಂದ ಕುಗ್ಗಿಸಬೇಕು? ಒಂದು ಕಂಪೆನಿ ಸೆಕೆಂಡಿಗೆ 250 ಕಂಪನಗಳ ಕೆಳಗೆ ಎಂದಿತು, ಇನ್ನೊಂದು 500 ಎಂದಿತು. ಹೀಗೆ ಕಂಪೆನಿಗೊಂದು ಪದ್ಧತಿ ನಡೆಯಿತು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡುವ ‘ಲಾಂಗ್ ಪ್ಲೇ’ ತಟ್ಟೆಯನ್ನು ತಂದಿತು. ಮರುವರ್ಷ ಆರ್.ಸಿ.ಎ. ಕಂಪೆನಿಯ 45 ಸುತ್ತಿನ ತಟ್ಟೆ ಬಂದಿತು. ಅರಗು ಹೋಗಿ ವಿನೈಲ್ ಎಂಬ ಪ್ಲಾಸ್ಟಿಕ್ ಬಂದಿತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣೋದ್ಯಮ ಸಂಘ ಎಲ್ಲರಿಗೂ ಸಲ್ಲುವ ಒಂದು ನಿಯಮವನ್ನು ಗೊತ್ತುಮಾಡಿತು. ‘ಆರ್.ಐ.ಎ.ಎ.’ ಎಂದು ಇಂದಿಗೂ ಯಂತ್ರಗಳ ಮೇಲೆ ಬರೆದಿರುವುದು ಅದರ ಹೆಸರನ್ನೇ. ಆ ನಿಯಮದಂತೆ 1000 ಕಂಪನದ ಸ್ವರವನ್ನು ಅಳತೆಗೋಲಾಗಿ ಇಟ್ಟುಕೊಂಡರೆ, 20 ಕಂಪನದ ಸ್ವರ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. 20,000 ಕಂಪನದ ಸ್ವರ ಸುಮಾರು ಹತ್ತು ಪಟ್ಟು ಹಿಗ್ಗುತ್ತದೆ. ತಾರದ ಸ್ವರಗಳನ್ನು ಹಿಗ್ಗಿಸುವುದೇಕೆಂದರೆ, ನುಡಿಸುವಾಗ ಅವನ್ನು ಮರಳಿ ತಗ್ಗಿಸಿದರೆ ತಟ್ಟೆಯ ಉಜ್ಜಾಟದ ಸದ್ದೂ ಅವುಗಳ ಜೊತೆಗೇ ತಗ್ಗುತ್ತದೆ.

ಈ ತಿದ್ದುವ ಕೆಲಸವನ್ನು ಮಾಡುವ ಸಣ್ಣ ಪೆಟ್ಟಿಗೆಯೇ ಫೋನೋ ಪ್ರೀಆಂಪ್ಲಿಫೈಯರ್. ಎಪ್ಪತ್ತರ ದಶಕದಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿದ್ದ ಪೆಟ್ಟಿಗೆಯಾಕಾರದ ಪ್ಲೇಯರುಗಳಲ್ಲಿ ಇದು ಇರಲಿಲ್ಲವಲ್ಲ ಎಂದು ನೀವು ಕೇಳಬಹುದು. ಅವುಗಳ ಮುಳ್ಳಿಗೆ ಹೊಂದಿಕೊಂಡಿದ್ದುದು ಸೆರಾಮಿಕ್ ಕಾರ್ಟ್ರಿಜ್. ಮುಳ್ಳು ಎಷ್ಟು ದೂರ ಸರಿಯಿತು ಎಂಬುದಕ್ಕೆ ತಕ್ಕಂತೆ ಅದು ವಿದ್ಯುತ್ತನ್ನು ಕೊಡುತ್ತದೆ. ಆದ್ದರಿಂದ ಆ ನಿಯಮದ ತಿದ್ದುಪಡಿ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ. ಹೊರಡುವ ವಿದ್ಯುತ್ತೂ ಸಾಕಷ್ಟು ಬಲವಾಗಿರುತ್ತದೆ. ಮೇಲ್ತರದ ಅಯಸ್ಕಾಂತದ ಕಾರ್ಟ್ರಿಜ್ ಹಾಗಲ್ಲ. ಮುಳ್ಳು ಎಷ್ಟು ವೇಗವಾಗಿ ಸರಿಯಿತು ಎಂಬುದಕ್ಕೆ ಅದು ಸ್ಪಂದಿಸುತ್ತದೆ. ಅದು ಕೊಡುವುದು ಕೇವಲ 5 ಮಿಲಿವೋಲ್ಟಿನಷ್ಟು. ಅದನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿದರೆ ತಗಡಿನ ಡಬ್ಬಿಯಲ್ಲಿ ಸಿಕ್ಕಿದ ನೊಣದ ಧ್ವನಿ ಕೇಳುತ್ತದೆ. ಸುಮಾರು ನೂರು ಪಟ್ಟು ಹಿಗ್ಗಿಸಿ, ನಿಯಮದಂತೆ ತಿದ್ದಿ ಕೊಡುವ ಪ್ರೀಆಂಪ್ ಅದಕ್ಕೆ ಅನಿವಾರ್ಯ.

ಇಲ್ಲಿಯೇ ನಮ್ಮ ಅಟ್ಟದ ತಟ್ಟೆಗಳ ಕಷ್ಟ ಆರಂಭವಾಗುವುದು. ಇಂದು ಮಾರುವ ಅಗ್ಗದ ಪ್ರೀಆಂಪುಗಳೆಲ್ಲ ತಿಳಿದಿರುವುದು 1954ರ ನಿಯಮವೊಂದನ್ನೇ. ಆದರೆ ಭಾರತದಲ್ಲಿ 78 ಸುತ್ತಿನ ತಟ್ಟೆಗಳು ಪಶ್ಚಿಮದಲ್ಲಿ ನಿಂತಮೇಲೂ ನಡೆದುಬಂದವು. ಅರವತ್ತರ ದಶಕದ ಬೀಟಲ್ಸ್ ಹಾಡುಗಳು ಕೂಡ ಇಲ್ಲಿ 78ರ ತಟ್ಟೆಯಲ್ಲಿ ಬಂದಿದ್ದವು. ಹೀಗಾಗಿ ಮಲೆನಾಡಿನ ಒಂದೇ ಪೆಟ್ಟಿಗೆಯಲ್ಲಿ ತುತ್ತೂರಿಯ ಕಾಲದ್ದು, ಮೂವತ್ತರ ದಶಕದ್ದು, ಎಪ್ಪತ್ತರ ಲಾಂಗ್ ಪ್ಲೇ, ಎಲ್ಲವೂ ಅಕ್ಕಪಕ್ಕ ಇರುತ್ತವೆ. ತಾರಸ್ವರವನ್ನು ಹಿಗ್ಗಿಸದೆ ಮುದ್ರಿಸಿದ ಹಳೆಯ ತಟ್ಟೆಯನ್ನು ಹೊಸ ಯಂತ್ರ ‘ಹಿಗ್ಗಿಸಲಾಗಿದೆ’ ಎಂದು ಭಾವಿಸಿ ತಗ್ಗಿಸಿಬಿಡುತ್ತದೆ. ಇಲ್ಲದ ರೋಗಕ್ಕೆ ಮದ್ದು ಕೊಟ್ಟಂತೆ. ಧ್ವನಿ ಮಂಕಾಗುತ್ತದೆ, ಅಪವಾದ ತಟ್ಟೆಯ ಮೇಲೆ ಬರುತ್ತದೆ.

ಹೊಸನಗರ ತಾಲ್ಲೂಕಿನ ಒಂದು ಮನೆಯಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ಹಿನ್ನೀರು ಏರಿದಾಗ ಊರು ಬಿಟ್ಟ ಕುಟುಂಬಗಳಲ್ಲಿ ಆ ಮನೆಯವರದೂ ಒಂದು. ಹೊಸ ಜಾಗಕ್ಕೆ ಬಂದ ಗಾಡಿಯಲ್ಲಿ ಪ್ಲೇಟಿನ ಪೆಟ್ಟಿಗೆಯೂ ಬಂದಿತ್ತು. ಮೊಮ್ಮಗ ಅವನ್ನು ವಿಲೇವಾರಿ ಮಾಡುವ ಯೋಚನೆಯಲ್ಲಿದ್ದ. ಪದ್ಧತಿಗಳನ್ನು ಬದಲಿಸುವ ಗುಂಡಿಯುಳ್ಳ ಪ್ರೀಆಂಪ್ ಒಂದನ್ನು ಜೋಡಿಸಿ, 78ಕ್ಕೆ ತಕ್ಕ ಮುಳ್ಳು ಹಾಕಿ, ಹೆಸರಿನ ಚೀಟಿ ಹುಳ ತಿಂದುಹೋದ ಒಂದು ರಂಗಗೀತೆಯನ್ನು ಹಚ್ಚಿದೆವು. ಹಾರ್ಮೋನಿಯಂ ಬಿಡಿಸಿಕೊಂಡು ಕೇಳಿತು. ಗಾಯಕನ ಸಕಾರ, ಚಕಾರಗಳು ಸ್ಪಷ್ಟವಾದವು. ಎಂಬತ್ತು ದಾಟಿದ ಮನೆಯ ಹಿರಿಯಾಕೆ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತರು. ‘ಇಷ್ಟು ದಿನ ಇವರು ಕಂಬಳಿಕೊಪ್ಪೆ ಹಾಕಿಕೊಂಡು ಹಾಡುತ್ತಿದ್ದರು ಮಾರಾಯ್ರೇ, ಈಗ ಕೊಪ್ಪೆ ತೆಗೆದರು ನೋಡಿ’ ಎಂದರು. ಆಮೇಲೆ ತಡೆದು, ‘ಆ ಮನೆಯಲ್ಲಿ ಹೀಗೇ ಕೇಳುತ್ತಿತ್ತು’ ಎಂದರು. ಆ ಮನೆ ಇರುವುದು ನೀರಿನಡಿಯಲ್ಲಿ. ಅಲ್ಲಿ ಮೊಳಗಿದ ಧ್ವನಿ ಮಾತ್ರ ತಟ್ಟೆಯ ಗೆರೆಯಲ್ಲಿ ಉಳಿದಿತ್ತು.

ಹಣ ಮಿತವಾಗಿರುವವರು ಏನು ಮಾಡಬೇಕು? ಮೊದಲ ರೂಪಾಯಿ ಮುಳ್ಳಿಗೆ ಸಲ್ಲಬೇಕು. 78ರ ಗೆರೆ ಅಗಲ. ಅದಕ್ಕೆ ಲಾಂಗ್ ಪ್ಲೇಯ ಮುಳ್ಳಿಗಿಂತ ಸುಮಾರು ಮೂರು ಪಟ್ಟು ದಪ್ಪದ ತುದಿ ಬೇಕು. ಸಣ್ಣ ಮುಳ್ಳು ಗೆರೆಯ ತಳಕ್ಕೆ ಬಿದ್ದು ಕಸವನ್ನೇ ಕೆರೆಯುತ್ತದೆ. ಟರ್ನ್‌ಟೇಬಲ್ 78ರ ವೇಗದಲ್ಲಿ ತಿರುಗುವುದೇ ಎಂದು ಕೊಳ್ಳುವ ಮುನ್ನ ನೋಡಬೇಕು. ಅನೇಕ ಯಂತ್ರಗಳು ತಿರುಗುವುದಿಲ್ಲ. ಅದರೊಳಗೇ ಪ್ರೀಆಂಪ್ ಇದೆಯೇ, ಆಂಪ್ಲಿಫೈಯರಿಗೆ ‘ಫೋನೋ’ ಎಂಬ ಕಿಂಡಿ ಇದೆಯೇ ಎಂದೂ ವಿಚಾರಿಸಬೇಕು. ಎರಡನ್ನೂ ಒಟ್ಟಿಗೆ ಬಳಸಿದರೆ ತಿದ್ದುಪಡಿ ಇಮ್ಮಡಿಯಾಗಿ ಹಾಡು ಕೆಡುತ್ತದೆ. ಬರೀ ಲಾಂಗ್ ಪ್ಲೇ ಇರುವವರಿಗೆ 47 ಕಿಲೋ ಓಮ್ ಹೊರೆಯ ಸಾಮಾನ್ಯ ಪ್ರೀಆಂಪ್ ಸಾಕು. 78 ಇರುವವರು ಪದ್ಧತಿ ಬದಲಿಸುವ ಗುಂಡಿಯೂ ‘ಮೋನೋ’ ಗುಂಡಿಯೂ ಇರುವುದನ್ನು ಆರಿಸಬೇಕು. ಮೋನೋ ಒತ್ತಿದೊಡನೆ ಕರಕರದಲ್ಲಿ ಒಂದಷ್ಟು ಪಾಲು ಅಡಗುತ್ತದೆ. ಭೂಮಿಯ ತಂತಿಯನ್ನು ಮರೆಯದೆ ಜೋಡಿಸಬೇಕು. ಮಂದ್ರವನ್ನು ಹಿಗ್ಗಿಸುವ ಯಂತ್ರ ನಮ್ಮ 50 ಆವರ್ತನದ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಗ್ಗಿಸುತ್ತದೆ.

ಇನ್ನೊಂದು ಶತ್ರು ನಮ್ಮ ಮಳೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಗೆರೆಗಳಲ್ಲಿ ಬೂಷ್ಟು ಹಿಡಿಯುವುದು ಸಹಜ, ಅದನ್ನು ತೊಳೆಯಬಹುದು. ಆದರೆ ಅರಗಿನ ತಟ್ಟೆಗೆ ಸ್ಪಿರಿಟ್ ತಾಗಿಸಲೇಬಾರದು. ಸ್ಪಿರಿಟ್ಟಿನಲ್ಲಿ ಅರಗು ಕರಗುತ್ತದೆ. ಬಟ್ಟಿ ಇಳಿಸಿದ ನೀರು, ಒಂದೆರಡು ಹನಿ ಸಾಬೂನು, ಮೃದುವಾದ ಬಟ್ಟೆ ಸಾಕು. ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟದೆ, ಪುಸ್ತಕಗಳಂತೆ ನಿಲ್ಲಿಸಿಡಬೇಕು. ಕೀಲಿಯ ಗ್ರಾಮಾಫೋನಿನಲ್ಲಿ ವಿನೈಲ್ ತಟ್ಟೆಯನ್ನು ಎಂದೂ ಹಾಕಬಾರದು. ಅದರ ಉಕ್ಕಿನ ಪಿನ್ನಿನ ಭಾರಕ್ಕೆ ಗೆರೆ ಒಂದೇ ಸಲಕ್ಕೆ ಸವೆಯುತ್ತದೆ.

1978ರಲ್ಲಿ ‘ನಿತ್ಯೋತ್ಸವ’ದ ಧ್ವನಿಸುರುಳಿ ಬಂದಮೇಲೆ ಕನ್ನಡದ ಸುಗಮ ಸಂಗೀತದ ಹಾದಿಯೇ ಬದಲಾಯಿತು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕುವೆಂಪು ಅವರ ಗೀತೆಗಳು ಮನೆಮನೆಯ ಸೊತ್ತಾದವು. ಸುಬ್ಬಣ್ಣನವರು 2022ರಲ್ಲಿ ತೀರಿಕೊಂಡರು. ಅವರ ಧ್ವನಿಯ ಪ್ರತಿಗಳು ಎಷ್ಟೋ ಇವೆ. ಅವರಿಗೂ ಹಿಂದಿನ ಪೀಳಿಗೆಯ ಗಾಯಕರ ಎಷ್ಟೋ ಹಾಡುಗಳಿಗೆ ಆ ಭಾಗ್ಯವಿಲ್ಲ. ಕೆಲವು ಹಾಡುಗಳ ಉಳಿದ ಒಂದೇ ಪ್ರತಿ ನಮ್ಮ ನಿಮ್ಮ ಅಟ್ಟದಲ್ಲಿಯೇ ಇದ್ದರೂ ಇರಬಹುದು.

ಶಾಸನವನ್ನು ಓದಲು ಲಿಪಿ ತಿಳಿದಿರಬೇಕು. ಹಳಗನ್ನಡದ ಲಿಪಿ ಬಾರದವನು ಕಲ್ಲು ಸವೆದಿದೆ ಎಂದರೆ ನಾವು ಒಪ್ಪುತ್ತೇವೆಯೇ? ತಟ್ಟೆಯೂ ಒಂದು ಶಾಸನವೇ. ಅದನ್ನು ಬರೆದ ಕಾಲದ ಪದ್ಧತಿಯೇ ಅದರ ಲಿಪಿ. ಸರಿಯಾದ ಮುಳ್ಳಿನಿಂದ, ಸರಿಯಾದ ತಿದ್ದುಪಡಿಯಿಂದ ಒಮ್ಮೆ ಕೇಳಿ ನೋಡಿದ ಮೇಲೆ ತೀರ್ಪು ಕೊಡೋಣ. ಅಲ್ಲಿಯವರೆಗೆ ಆ ಪೆಟ್ಟಿಗೆ ಗುಜರಿಯವನ ಗಾಡಿ ಹತ್ತದಿರಲಿ.