ನೆರೆ ಇಳಿದ ಮೇಲಿನ ಆರೈಕೆ: ಬನಗಾಂವ್‌ನಿಂದ ಎರಸಮಾದವರೆಗೆ

ನೆರೆಯಲ್ಲಿ ಸತ್ತವರ ಲೆಕ್ಕವನ್ನು ಸರ್ಕಾರಗಳು ನೀರು ಇಳಿದ ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತವೆ. ಆ ಲೆಕ್ಕ ಎಷ್ಟು ಅಪೂರ್ಣ ಎಂಬುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ಅಧ್ಯಯನ ಸಾಕ್ಷಿ ಹೇಳುತ್ತದೆ. 1968ರ ಜುಲೈನಲ್ಲಿ ಅಲ್ಲಿ ನೆರೆ ಬಂದಿತ್ತು. ಗ್ಲಿನ್ ಬೆನೆಟ್ ಎಂಬ ವೈದ್ಯ, ನೀರು ನುಗ್ಗಿದ ಮನೆಗಳವರನ್ನೂ ನುಗ್ಗದ ಮನೆಗಳವರನ್ನೂ ಮುಂದಿನ ಒಂದು ವರ್ಷದ ಮಟ್ಟಿಗೆ ಹೋಲಿಸಿ ನೋಡಿದರು. ನೀರು ನುಗ್ಗಿದ ಮನೆಗಳವರು ವೈದ್ಯರ ಬಳಿಗೆ ಹೋಗುವುದು ಅರ್ಧಕ್ಕರ್ಧ ಹೆಚ್ಚಿತ್ತು, ಆಸ್ಪತ್ರೆಗೆ ಸೇರುವವರು ಎರಡು ಪಟ್ಟು ದಾಟಿದ್ದರು, ಸಾವು ಹಿಂದಿನ ವರ್ಷಕ್ಕಿಂತ ಶೇಕಡ 50ರಷ್ಟು ಏರಿತ್ತು. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದವರು. ಮನೆಯೊಳಗೆ ನಿಂತ ಕೆಸರು, ಹಾಳಾದ ಸಾಮಾನು, ನಿದ್ದೆಗೆಟ್ಟ ರಾತ್ರಿ, ಇನ್ನೊಮ್ಮೆ ಮಳೆ ಬಂದರೇನು ಗತಿ ಎಂಬ ಭಯ ಇವೆಲ್ಲ ದೇಹವನ್ನೂ ಮನಸ್ಸನ್ನೂ ಒಟ್ಟಿಗೇ ಹಣ್ಣುಮಾಡುತ್ತವೆ. ಹಾಗಿದ್ದರೆ ಒಂದು ವಾರದ ವೈದ್ಯಕೀಯ ಶಿಬಿರದಿಂದ ಆಗುವುದೇನು? ವರ್ಷಗಟ್ಟಲೆ ಸಾಗಬೇಕಾದ ಈ ಆರೈಕೆಯನ್ನು ಮಾಡುವವರು ಯಾರು? ಕಳೆದ ಐವತ್ತು ವರ್ಷಗಳಲ್ಲಿ ನಮ್ಮ ಉಪಖಂಡ ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಒಂದೇ: ವೈದ್ಯರ ವಿದ್ಯೆ ವೈದ್ಯರ ಕೈಯಿಂದ ಊರಿನವರ ಕೈಗೆ ದಾಟಬೇಕು. ದೇಹದ ವಿಷಯದಲ್ಲಿ ಈ ಉತ್ತರ ಬೇಗ ಸಿಕ್ಕಿತು. ಮನಸ್ಸಿನ ವಿಷಯದಲ್ಲಿ ಅದಕ್ಕೆ ಇನ್ನೂ ಮೂರು ದಶಕ ಹಿಡಿಯಿತು.

ದೇಹದ ಕಥೆ 1971ರಲ್ಲಿ ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ತಿರುವು ಪಡೆಯಿತು. ಹಿಂದಿನ ನವೆಂಬರಿನಲ್ಲಷ್ಟೇ ಭೋಲಾ ಚಂಡಮಾರುತದ ಸಮುದ್ರದಲೆ ಪೂರ್ವ ಪಾಕಿಸ್ತಾನದಲ್ಲಿ ಕನಿಷ್ಠ ಮೂರು ಲಕ್ಷ ಜನರನ್ನು ಕೊಂದಿತ್ತು. ಅದರ ಬೆನ್ನಿಗೇ ಯುದ್ಧ ಬಂತು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಮಳೆಗಾಲದ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ನೆರೆಯೇ ಇರಲಿ ಯುದ್ಧವೇ ಇರಲಿ, ಕುಡಿಯುವ ನೀರು ಕೆಟ್ಟ ಕಡೆ ಈ ರೋಗ ಬರುವ ದಾರಿ ಒಂದೇ. ಬನಗಾಂವ್‌ನ ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ರೋಗಿಗಳನ್ನು ನೆಲದ ಮೇಲೆ ಮಲಗಿಸಿದ್ದರು, ರಕ್ತನಾಳಕ್ಕೆ ಹಾಕುವ ಸಲೈನ್ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ತಂದು ಕುಡಿಸಿದರು. ಅದಕ್ಕೆ ಮೊದಲು ನೂರಕ್ಕೆ ಇಪ್ಪತ್ತು ಮೂವತ್ತು ಮಂದಿ ಸಾಯುತ್ತಿದ್ದ ಕಡೆ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆ ದ್ರಾವಣದ ಹಿಂದಿನ ವಿಜ್ಞಾನ ಮೊದಲೇ ಗೊತ್ತಿತ್ತು, ಢಾಕಾ ಮತ್ತು ಕಲ್ಕತ್ತಾದ ವಾರ್ಡುಗಳಲ್ಲಿ ಅದರ ಪ್ರಯೋಗವೂ ನಡೆದಿತ್ತು. ಬನಗಾಂವ್ ಸಾಬೀತು ಮಾಡಿದ್ದು ಬೇರೆಯದನ್ನು: ಓದುಬರಹ ಬಾರದ ತಾಯಿಯೂ ಈ ಚಿಕಿತ್ಸೆಯನ್ನು ಸರಿಯಾಗಿ ಕೊಡಬಲ್ಲಳು. 1980ರಿಂದ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲದ ಪಾನಕವನ್ನು ಕಲಿಸುತ್ತ ಹತ್ತು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳನ್ನು ಮುಟ್ಟಿದರು. 1998ರ ನೆರೆ ಆ ದೇಶದ ಮೂರನೇ ಎರಡು ಭಾಗವನ್ನು ಮುಳುಗಿಸಿ ಎರಡು ತಿಂಗಳು ನಿಂತಾಗ, ಭೇದಿ ಊರೂರಿಗೆ ಹಬ್ಬಿದರೂ ಎಲ್ಲರೂ ಹೆದರಿದ್ದ ಸಾಮೂಹಿಕ ಸಾವು ಸಂಭವಿಸಲಿಲ್ಲ. ಅದಕ್ಕೆ ಕಾರಣಗಳು ಹಲವು. ಆದರೆ ಅಡುಗೆಮನೆ ಸೇರಿದ್ದ ಆ ಜ್ಞಾನವನ್ನು ಬದಿಗಿಟ್ಟು ಆ ವರ್ಷವನ್ನು ವಿವರಿಸಲು ಆಗದು.

ಮನಸ್ಸಿನ ಕಥೆಗೆ ಬೆಂಗಳೂರಿನ ನಂಟಿದೆ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ನಗರದ ಹೊರವಲಯದ ಸಕಲವಾರದಲ್ಲಿ ಸಮುದಾಯ ಮನೋವೈದ್ಯ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು, ಔಷಧ ಕೊಡುವುದನ್ನು ಅಲ್ಲಿ ಕಲಿಸಿದರು. ಮುಂದೆ ಬಳ್ಳಾರಿಯಲ್ಲಿ ಈ ಕ್ರಮ ಇಡೀ ಜಿಲ್ಲೆಗೆ ವಿಸ್ತರಿಸಿತು. ಇಂದು ದೇಶದಲ್ಲಿ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ, ಬಹುಪಾಲು ಮಕ್ಕಳು, ಸತ್ತಾಗ ಅವರ ಮನೆಯವರ ದುಃಖವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. ದುರಂತದ ನಂತರದ ಮನಸ್ಸನ್ನು ನಮ್ಮ ದೇಶದಲ್ಲಿ ವೈದ್ಯಶಾಸ್ತ್ರ ಗಂಭೀರವಾಗಿ ನೋಡಿದ ಮೊದಲ ಪ್ರಯತ್ನಗಳಲ್ಲಿ ಅದೊಂದು. 1984ರ ಭೋಪಾಲ್ ಅನಿಲ ದುರಂತದ ನಂತರ ನಿಮ್ಹಾನ್ಸ್‌ನ ಮನೋವೈದ್ಯ ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟರು. ಆದರೂ ಇಲ್ಲಿಯ ತನಕ ವಿದ್ಯೆ ನಿಂತದ್ದು ವೈದ್ಯರು ಮತ್ತು ಆರೋಗ್ಯ ಇಲಾಖೆಯ ವಲಯದೊಳಗೇ.

ಅದು ಹೊರಗೆ ದಾಟಿದ್ದು ಒಡಿಶಾದಲ್ಲಿ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಭಾಗಕ್ಕೆ ಸಮುದ್ರವೇ ನುಗ್ಗಿತ್ತು. ರಾಜ್ಯದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. ಗಂಡನನ್ನು, ಹೆತ್ತವರನ್ನು, ಮಕ್ಕಳನ್ನೆಲ್ಲ ಒಂದೇ ಹಗಲಿನಲ್ಲಿ ಕಳೆದುಕೊಂಡವರು ಆ ಹಳ್ಳಿಗಳಲ್ಲಿ ಉಳಿದಿದ್ದರು. ಆ್ಯಕ್ಷನ್‌ಏಡ್ ಸಂಸ್ಥೆ ಅಲ್ಲಿನ ತರುಣ ತರುಣಿಯರನ್ನೇ ಆರಿಸಿ ಸ್ನೇಹಕರ್ಮಿಗಳೆಂದು ಕರೆಯಿತು, ನಿಮ್ಹಾನ್ಸ್‌ನವರು ಅವರಿಗೆ ತರಬೇತಿ ಕೊಟ್ಟು ಸರಳ ಕೈಪಿಡಿ ಬರೆದರು. ಕಲಿಸಿದ್ದು ಗಹನವಾದದ್ದೇನಲ್ಲ. ದುಃಖ ಹೇಳಿಕೊಳ್ಳುವವರನ್ನು ತಡೆಯದೆ ಕೇಳುವುದು, ಅಳು ಬಂದರೆ ಅಳಲು ಬಿಡುವುದು, ಒಂಟಿಯಾದವರನ್ನು ಮತ್ತೆ ಜನರ ನಡುವೆ ತರುವುದು, ಕೈಗೊಂದು ಕೆಲಸ ಹಚ್ಚುವುದು, ಭಜನೆ ಪೂಜೆ ಆಟಗಳಿಗೆ ಜಾಗ ಮಾಡಿಕೊಡುವುದು, ನಿದ್ದೆ ಬಾರದೆ ಊಟ ಬಿಟ್ಟವರನ್ನೂ ಸಾಯುವ ಮಾತಾಡುವವರನ್ನೂ ಗುರುತಿಸಿ ವೈದ್ಯರ ಬಳಿ ಕರೆದೊಯ್ಯುವುದು. ಅದರ ಜತೆಗೆ ಪರಿಹಾರದ ಅರ್ಜಿ ತುಂಬುವುದು, ಮರಣ ಪತ್ರಕ್ಕಾಗಿ ಕಚೇರಿಗೆ ಹೋಗುವುದು. ಈ ಕೊನೆಯದನ್ನು ಮಾನಸಿಕ ಆರೈಕೆಯೊಳಗೇ ಸೇರಿಸಿದ್ದು ಆ ಕೆಲಸದ ದೊಡ್ಡ ವಿವೇಕ ಎಂದು ನನ್ನ ಭಾವನೆ. ಹೆಣವೇ ಸಿಗದ ಗಂಡನ ಸಾವನ್ನು ಗುಮಾಸ್ತರ ಮುಂದೆ ರುಜುವಾತು ಮಾಡಬೇಕಾದ ಹೆಂಗಸಿನ ಸಂಕಟಕ್ಕೆ ಸಮಾಧಾನದ ಮಾತಷ್ಟೇ ಸಾಲದು. ಮುಂದೆ ಗುಜರಾತಿನ ಭೂಕಂಪ, 2004ರ ಸುನಾಮಿ ಎರಡರಲ್ಲೂ ಇದೇ ಕ್ರಮ ನಡೆಯಿತು. 2009ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮನೋಸಾಮಾಜಿಕ ನೆರವಿಗೆಂದೇ ಮಾರ್ಗಸೂಚಿ ಹೊರಡಿಸಿತು. 2018ರ ಕೇರಳದ ನೆರೆಯ ಹೊತ್ತಿಗೆ ಎರಡು ಧಾರೆಗಳೂ ಕೂಡಿದ್ದವು: ಇಲಿಜ್ವರ ತಡೆಯಲು ಡಾಕ್ಸಿಸೈಕ್ಲಿನ್ ಗುಳಿಗೆಯೊಂದಿಗೆ ಮನೆ ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಯೇ ಆ ಮನೆಯವರ ನಿದ್ದೆ, ಊಟ, ಭಯವನ್ನೂ ವಿಚಾರಿಸಿದಳು.

ಮನಸ್ಸಿನಂಥ ಸೂಕ್ಷ್ಮ ವಿಷಯವನ್ನು ನಾಲ್ಕು ದಿನ ತರಬೇತಿ ಪಡೆದವರಿಗೆ ಒಪ್ಪಿಸುವುದು ಅಪಾಯವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಇತಿಹಾಸ ತೋರಿಸುವ ಅಪಾಯ ಇನ್ನೊಂದು ದಿಕ್ಕಿನಿಂದ ಬಂದಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಅಗ್ನಿಶಾಮಕ ದಳ ಮತ್ತು ತುರ್ತು ಸೇವೆಯವರಿಗೆಂದು ರೂಪಿಸಿದ ಒಂದು ವಿಧಾನ ಜಗತ್ತಿನಾದ್ಯಂತ ಹರಡಿತು. ದುರಂತ ನಡೆದ ಕೆಲವೇ ದಿನಗಳಲ್ಲಿ ಬದುಕುಳಿದವರನ್ನು ಕೂರಿಸಿ, ಕಂಡದ್ದನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ವಿವರವಾಗಿ ಹೇಳಿಸುವುದು ಅದರ ತಿರುಳು. ಅದನ್ನು ನಡೆಸಿದವರಲ್ಲಿ ತರಬೇತಿ ಪಡೆದ ತಜ್ಞರೂ ಇದ್ದರು. 2002ರ ವೇಳೆಗೆ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಇದರಿಂದ ಪ್ರಯೋಜನವಿಲ್ಲ, ಕೆಲವರಿಗೆ ತೊಂದರೆಯೇ ಹೆಚ್ಚಾದೀತು ಎಂದು ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಯಾರನ್ನೂ ಕೆದಕಿ ಹೇಳಿಸಬೇಡಿ ಎಂದೇ ಎಚ್ಚರಿಸುತ್ತದೆ. ಹೊರಗಿನಿಂದ ಎರಡು ದಿನಕ್ಕೆ ಬಂದವನಿಗೆ ಎಲ್ಲವನ್ನೂ ಆಗಲೇ ಕೇಳಿಬಿಡುವ ಅವಸರ. ಅದೇ ಊರಿನಲ್ಲಿ ಇರುವವಳಿಗೆ ಕಾಯಲು ಸಮಯವಿದೆ, ಆರು ತಿಂಗಳ ನಂತರ ತಾನಾಗಿ ಬಾಯಿಗೆ ಬರುವ ಮಾತನ್ನು ಕೇಳಲೂ ಅವಳು ಅಲ್ಲೇ ಇರುತ್ತಾಳೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಊರಿನವರೇ ನೋಡಿಕೊಳ್ಳಲಿ ಎನ್ನುವುದು ವೈದ್ಯರನ್ನು ನೇಮಿಸದ ಸರ್ಕಾರಕ್ಕೆ ನೆಪವಾಗುವುದಿಲ್ಲವೇ? ಖಂಡಿತ ಆಗಬಹುದು, ಹಲವೆಡೆ ಆಗಿಯೂ ಇದೆ. ಆದರೆ ಬನಗಾಂವ್‌ನಲ್ಲಿ ಮನೆಯವರ ಲೋಟದ ಹಿಂದೆ ಅಳತೆ ಮಾಡಿ ಪೊಟ್ಟಣ ಕಟ್ಟಿದ ಉಪ್ಪಿತ್ತು, ಪ್ರಜ್ಞೆ ತಪ್ಪಿದವರಿಗೆಂದು ಉಳಿಸಿಟ್ಟ ಬಾಟಲಿಗಳಿದ್ದವು, ಹಗಲಿರುಳು ನಿಂತ ವೈದ್ಯರಿದ್ದರು. ಮೂರ್ಛೆ ರೋಗದ ಗುಳಿಗೆ, ಇನ್ಸುಲಿನ್, ರಕ್ತದೊತ್ತಡದ ಮಾತ್ರೆ ನೀರಿನಲ್ಲಿ ಕೊಚ್ಚಿಹೋದ ಮನೆಗೆ ಸಾಂತ್ವನದೊಂದಿಗೆ ಆ ಔಷಧವೂ ತಲುಪಬೇಕು, ಅದನ್ನು ಬರೆದುಕೊಡುವ ವೈದ್ಯನೂ ತಾಲ್ಲೂಕಿನಲ್ಲಿ ಇರಬೇಕು. ಆಶಾ ಕಾರ್ಯಕರ್ತೆಯ ಮನೆಯೂ ಅದೇ ನೆರೆಯಲ್ಲಿ ಮುಳುಗಿರುತ್ತದೆ ಎಂಬುದನ್ನು ಯೋಜನೆ ಬರೆಯುವವರು ಮರೆಯುತ್ತಾರೆ. ಅವಳಿಗೆ ಗೌರವಧನ ಸಾಲದು, ಸಂಬಳ ಬೇಕು. ಅವಳ ದುಃಖ ಕೇಳಲೂ ಒಬ್ಬರು ಬೇಕು.

ಮೊದಲು ಮನೆ ಕೊಡಿ, ಮನಸ್ಸಿನ ಮಾತು ಆಮೇಲೆ ಎನ್ನುವವರಿಗೆ ಅಮೆರಿಕದ ಪಶ್ಚಿಮ ವರ್ಜೀನಿಯಾದ ಬಫಲೋ ಕ್ರೀಕ್ ಕಣಿವೆಯನ್ನು ತೋರಿಸಬೇಕು. 1972ರ ಫೆಬ್ರವರಿ 26ರಂದು ಕಲ್ಲಿದ್ದಲು ಗಣಿಯ ಒಡ್ಡು ಒಡೆದು ಅಲ್ಲಿ 125 ಮಂದಿ ಸತ್ತರು, ಸುಮಾರು ನಾಲ್ಕು ಸಾವಿರ ಮಂದಿ ಮನೆ ಕಳೆದುಕೊಂಡರು. ಸರ್ಕಾರ ತಾತ್ಕಾಲಿಕ ಮನೆಗಳನ್ನು ಬೇಗನೆ ಕೊಟ್ಟಿತು. ಆದರೆ ಯಾರ ಪಕ್ಕ ಯಾರಿದ್ದರು ಎಂದು ನೋಡದೆ ಖಾಲಿಯಿದ್ದ ಕಡೆ ಜನರನ್ನು ತುಂಬಿತು. ಸಮಾಜಶಾಸ್ತ್ರಜ್ಞ ಕೈ ಎರಿಕ್ಸನ್ 1976ರ ತಮ್ಮ ಪುಸ್ತಕದಲ್ಲಿ, ಆ ಜನ ನೀರಿನ ಆಘಾತದಷ್ಟೇ ಒಕ್ಕಲು ಚದುರಿದ ಆಘಾತದಿಂದಲೂ ಕುಸಿದರು ಎಂದು ತೋರಿಸಿದರು. ಹದಿನಾಲ್ಕು ವರ್ಷಗಳ ನಂತರವೂ ಪರೀಕ್ಷೆಗೆ ಒಳಗಾದವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿ ಆಘಾತದ ರೋಗಲಕ್ಷಣಗಳಿಂದ ನರಳುತ್ತಿದ್ದರು. ನಮ್ಮಲ್ಲಿ 2009ರ ಅಕ್ಟೋಬರ್ ಆರಂಭದ ನೆರೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜೀವ ತೆಗೆದ ಮೇಲೆ ‘ಆಸರೆ’ ಹೆಸರಿನಲ್ಲಿ ಊರುಗಳನ್ನೇ ಎತ್ತರದ ಜಾಗಕ್ಕೆ ಸಾಗಿಸುವ ಕೆಲಸ ನಡೆಯಿತು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ ಎಂದು ಹಲವು ಕಡೆ ಜನ ಆ ಮನೆಗಳಿಗೆ ಹೋಗಲಿಲ್ಲ. ಇದನ್ನು ಹಠವೆಂದು ಬರೆದುಕೊಂಡವರು ಒಂದು ಊರು ತನ್ನ ದುಃಖವನ್ನು ಯಾರ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಿತ್ತು ಎಂದು ಕೇಳಲಿಲ್ಲ. ಕಷ್ಟಕಾಲದಲ್ಲಿ ಕಿವಿಗೊಡುವ ಕೈಹಿಡಿಯುವ ಜನರನ್ನೇ ಆರೈಕೆಯ ಆಧಾರವೆಂದು ಒಪ್ಪಿದ ಮೇಲೆ, ಹೊಸ ಬಡಾವಣೆಯಲ್ಲಿ ಯಾರ ಮನೆಯ ಪಕ್ಕ ಯಾರ ಮನೆ ಎಂಬುದು ಕಂದಾಯ ಇಲಾಖೆಯೊಂದೇ ತೀರ್ಮಾನಿಸುವ ವಿಷಯವಾಗಿ ಉಳಿಯುವುದಿಲ್ಲ. ಆ ಹಂಚಿಕೆಯ ಪಟ್ಟಿ ಸಿದ್ಧವಾಗುವ ದಿನ ಜಿಲ್ಲಾ ಮಾನಸಿಕ ಆರೋಗ್ಯ ಅಧಿಕಾರಿಯೂ ಊರಿನ ಆಶಾ ಕಾರ್ಯಕರ್ತೆಯೂ ಅಲ್ಲಿ ಕೂತಿರಬೇಕು.